ವಾಚ್ ಮುಂದೆ ಓಡುತ್ತಿದೆಯಾ? ಹಿಂಬದಿ ಮುಚ್ಚಳ ಬಿಚ್ಚುವ ಮೊದಲು ಇದನ್ನು ನೋಡಿ

ಕೀ ಕೊಡುವ ವಾಚ್ ನಿಧಾನವಾದರೆ ಯಾರಿಗೂ ಆಶ್ಚರ್ಯ ಆಗುವುದಿಲ್ಲ. ಎಣ್ಣೆ ಒಣಗಿರಬೇಕು, ಧೂಳು ಕೂತಿರಬೇಕು ಅಂದುಕೊಳ್ಳುತ್ತೇವೆ. ಆದರೆ ನಿನ್ನೆವರೆಗೆ ಸರಿಯಾಗಿದ್ದ ವಾಚ್ ಇದ್ದಕ್ಕಿದ್ದಂತೆ ದಿನಕ್ಕೆ ಐದೋ ಹತ್ತೋ ನಿಮಿಷ ಮುಂದೆ ಓಡತೊಡಗಿದರೆ ತಲೆ ಕೆಡುತ್ತದೆ. ಹಳೇ ಯಂತ್ರಕ್ಕೆ ಈಗ ಎಲ್ಲಿಂದ ಬಂತು ಈ ವೇಗ, ಅಲ್ವಾ?

ನನ್ನ ಅಪ್ಪನ ವಾಚಿಗೆ ಹೀಗೇ ಆಯಿತು. ದಿನಕ್ಕೆ ಎಂಟು ನಿಮಿಷ ಮುಂದೆ. ನಾನು ಹಿಂಬದಿ ಮುಚ್ಚಳ ತೆಗೆದು, ಒಳಗಿದ್ದ, ವೇಗ ಹೊಂದಿಸುವ ಪುಟ್ಟ ಕಡ್ಡಿಯನ್ನು ನಿಧಾನದ ಗುರುತಾದ ಮೈನಸ್ ಕಡೆಗೆ ಪೂರ್ತಿ ತಳ್ಳಿದೆ. ಆದರೂ ಮುಂದೆಯೇ ಓಡಿತು. ಕೊನೆಗೆ ವಾಚ್ ರಿಪೇರಿ ಮಾಡುವ ಹಿರಿಯರೊಬ್ಬರು ಅದನ್ನು ಬಿಚ್ಚಲೇ ಇಲ್ಲ. ಪಕ್ಕದಲ್ಲಿ ಒಂದು ದಿಕ್ಸೂಚಿ ಇಟ್ಟರು, ಮುಳ್ಳು ಗರ್ರನೆ ತಿರುಗಿತು. ನಾನು ರಾತ್ರಿ ವಾಚನ್ನು ಮ್ಯಾಗ್ನೆಟ್ ಇರುವ ಟ್ಯಾಬ್ಲೆಟ್ ಕವರಿನ ಮೇಲೆ ಇಡುತ್ತಿದ್ದೆ, ಅಷ್ಟೇ. ಅವರು ಅರ್ಧ ನಿಮಿಷದಲ್ಲಿ ಮ್ಯಾಗ್ನೆಟ್ ಬಿಡಿಸಿದರು. ಆಮೇಲೆ ಅದೇ ವಾಚ್ ನಿಮಿಷಗಟ್ಟಲೆ ಹಿಂದೆ ಬೀಳತೊಡಗಿತು, ಏಕೆಂದರೆ ಕಡ್ಡಿಯನ್ನು ನಾನು ಮೊದಲೇ ಕೆಡಿಸಿಟ್ಟಿದ್ದೆ. ಅದಕ್ಕೇ ಈ ಲೇಖನದಲ್ಲಿ ಕಡ್ಡಿಯ ವಿಷಯ ಕೊನೆಗೆ ಬರುತ್ತದೆ.

ಒಳಗೆ ಏನಾಗುತ್ತದೆ

ವಾಚಿನ ಒಳಗೆ ಬ್ಯಾಲೆನ್ಸ್ ಚಕ್ರ ಅಂತ ಒಂದಿದೆ. ಅದು ಆಚೆ ಈಚೆ ತಿರುಗುತ್ತಲೇ ಇರುತ್ತದೆ. ಅದನ್ನು ಪ್ರತಿ ಸಲ ವಾಪಸ್ ಎಳೆಯುವುದು ಕೂದಲಿನಷ್ಟು ತೆಳ್ಳಗಿನ, ಸುರುಳಿ ಸುತ್ತಿದ ಹೇರ್‌ಸ್ಪ್ರಿಂಗ್. ಈ ಸ್ಪ್ರಿಂಗ್‌ನ ಕೆಲಸ ಮಾಡುವ ಉದ್ದ ಕಡಿಮೆಯಾದರೆ ಅದು ಬಿಗಿಯಾಗುತ್ತದೆ, ಚಕ್ರ ಬೇಗ ಬೇಗ ಆಡುತ್ತದೆ. ಹಗ್ಗ ಗಿಡ್ಡ ಮಾಡಿದ ಉಯ್ಯಾಲೆ ಬೇಗ ಬೇಗ ತೂಗುತ್ತದಲ್ಲ, ಕಾರಣ ಬೇರೆ ಆದರೂ ಕಣ್ಣಿಗೆ ಕಾಣುವುದು ಹಾಗೇ.

ಮ್ಯಾಗ್ನೆಟ್ ಹಿಡಿದಾಗ ಆಗುವುದು ಇದೇ. ಸುರುಳಿಯ ಒಂದು ಸುತ್ತು ಪಕ್ಕದ ಸುತ್ತಿಗೆ ಅಂಟಿಕೊಳ್ಳುತ್ತದೆ, ಸ್ಪ್ರಿಂಗ್ ಗಿಡ್ಡವಾದಂತೆ ನಡೆದುಕೊಳ್ಳುತ್ತದೆ. ಸ್ಪ್ರಿಂಗ್ ಮೇಲೆ ಒಂದು ಹನಿ ಎಣ್ಣೆ ಬಿದ್ದರೂ ಸುತ್ತುಗಳು ಹಾಗೇ ಅಂಟುತ್ತವೆ. ವಾಚ್ ಕೆಳಗೆ ಬಿದ್ದಾಗ ಒಂದು ಸುತ್ತು ಜಿಗಿದು ಬೇರೆಲ್ಲೋ ಸಿಕ್ಕಿಕೊಂಡರೂ ಅದೇ ಫಲ. ಹಳೇ ವಾಚುಗಳ ಉಕ್ಕಿನ ಸ್ಪ್ರಿಂಗ್ ಮ್ಯಾಗ್ನೆಟ್ಟನ್ನು ಬೇಗ ಹಿಡಿಯುತ್ತದೆ. ಈಗಿನ ಮಿಶ್ರಲೋಹದ ಸ್ಪ್ರಿಂಗ್‌ಗಳು ಎಷ್ಟೋ ವಾಸಿ. ಈ ದಾರಿ ತೆರೆದವರು ಶಾರ್ಲ್ ಎದುವಾರ್ ಗಿಯೋಮ್. ನಿಕ್ಕಲ್ ಉಕ್ಕಿನ ಮಿಶ್ರಲೋಹಗಳ ಕೆಲಸಕ್ಕೆ ಅವರಿಗೆ 1920ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಆದರೂ ಅವು ಮ್ಯಾಗ್ನೆಟ್‌ನಿಂದ ಪೂರ್ತಿ ಪಾರಲ್ಲ. ಸಿಲಿಕಾನ್ ಸ್ಪ್ರಿಂಗ್ ಮಾತ್ರ ಮ್ಯಾಗ್ನೆಟ್‌ಗೆ ಜಗ್ಗುವುದಿಲ್ಲ.

ಮೊದಲು ಅಳತೆ

ವಾಚಿಗೆ ಪೂರ್ತಿ ಕೀ ಕೊಡಿ. ಫೋನಿನ ಗಡಿಯಾರಕ್ಕೆ ಸೆಕೆಂಡ್ ಸಮೇತ ಹೊಂದಿಸಿ. ಮರುದಿನ ಅದೇ ಹೊತ್ತಿಗೆ ಎಷ್ಟು ವ್ಯತ್ಯಾಸ ಬಂದಿದೆ ಅಂತ ಬರೆದುಕೊಳ್ಳಿ. ಮತ್ತೆ ಕೀ ಕೊಟ್ಟು ಇನ್ನೂ ಎರಡು ದಿನ ನೋಡಿ. ಒಂದೇ ದಿನದ ಲೆಕ್ಕ ನಂಬಬೇಡಿ.

ಒಂದು ದಿನಕ್ಕೆ 86,400 ಸೆಕೆಂಡ್. ಅದರಲ್ಲಿ 20 ಸೆಕೆಂಡ್ ಹೆಚ್ಚು ಕಡಿಮೆ ಆದರೆ ತಪ್ಪು ನೂರಕ್ಕೆ 0.02ರಷ್ಟು, ಅಷ್ಟೇ. ವಾಚ್ ಎಷ್ಟು ಕರಾರುವಾಕ್ಕಾಗಿ ಓಡುತ್ತದೆ ಅಂತ ನೋಡುವ ಸ್ವಿಟ್ಜರ್ಲೆಂಡಿನ ಕ್ರೋನೋಮೀಟರ್ ಪರೀಕ್ಷೆ ಪಾಸಾಗುವ ಯಂತ್ರಕ್ಕೂ ದಿನಕ್ಕೆ ಸರಾಸರಿ 4 ಸೆಕೆಂಡ್ ಹಿಂದಿನಿಂದ 6 ಸೆಕೆಂಡ್ ಮುಂದಿನವರೆಗೆ ವಿನಾಯಿತಿ ಇದೆ. ಹಾಗಾಗಿ ನಿಮ್ಮ ಸಾಮಾನ್ಯ ವಾಚ್ ದಿನಕ್ಕೆ ಹತ್ತು ಹದಿನೈದು ಸೆಕೆಂಡ್ ಮುಂದೆ ಹೋದರೆ ಸುಮ್ನೆ ಬಿಡಿ, ಅದು ಆರೋಗ್ಯವಾಗಿಯೇ ಇದೆ. ರಾತ್ರಿ ಇಡುವ ಭಂಗಿ ಬದಲಿಸಿ ನೋಡಿ. ಒಂದು ರಾತ್ರಿ ಮುಖ ಮೇಲೆ ಮಾಡಿ, ಇನ್ನೊಂದು ರಾತ್ರಿ ಕೀ ಗುಂಡಿ ಮೇಲೆ ಬರುವಂತೆ ಅಡ್ಡ ನಿಲ್ಲಿಸಿ. ಯಾವ ಭಂಗಿಯಲ್ಲಿ ಅದು ನಿಧಾನವಾಗುತ್ತದೋ ಹಾಗೇ ಮಲಗಿಸಿದರೆ ಹಗಲು ಗಳಿಸಿದ ಸೆಕೆಂಡುಗಳು ರಾತ್ರಿ ಕರಗುತ್ತವೆ.

ಆದರೆ ವ್ಯತ್ಯಾಸ ನಿಮಿಷಗಳಲ್ಲಿದ್ದು, ಅದೂ ಏಕಾಏಕಿ ಬಂದಿದ್ದರೆ, ಮ್ಯಾಗ್ನೆಟ್ ಮೇಲೆ ಮೊದಲ ಅನುಮಾನ ಇರಲಿ.

ದಿಕ್ಸೂಚಿ ಇಟ್ಟು ನೋಡುವುದು

ನಿಜವಾದ ಮುಳ್ಳಿರುವ ಪುಟ್ಟ ದಿಕ್ಸೂಚಿ ಬೇಕು. ಫೋನಿನಲ್ಲಿರುವ ದಿಕ್ಸೂಚಿ ಬೇಡ, ಫೋನಿನ ಸ್ಪೀಕರ್‌ನಲ್ಲೇ ಮ್ಯಾಗ್ನೆಟ್ ಇರುತ್ತದೆ. ದಿಕ್ಸೂಚಿಯನ್ನು ಮರದ ಮೇಜಿನ ಮೇಲಿಟ್ಟು ಮುಳ್ಳು ನಿಲ್ಲುವವರೆಗೆ ಕಾಯಿರಿ. ಈಗ ವಾಚನ್ನು ಅದರ ಪಕ್ಕಕ್ಕೆ ತಂದು, ಅಲ್ಲೇ ನಿಧಾನಕ್ಕೆ ಒಂದು ಸುತ್ತು ತಿರುಗಿಸಿ. ಒಳಗೆ ಉಕ್ಕಿನ ಭಾಗಗಳಿರುವುದರಿಂದ ಮುಳ್ಳು ಸ್ವಲ್ಪ ವಾಚಿನ ಕಡೆ ವಾಲುವುದು ಸಹಜ. ಆದರೆ ವಾಚಿನ ಒಂದು ಮಗ್ಗುಲು ಮುಳ್ಳಿನ ತುದಿಯನ್ನು ಎಳೆದು, ಇನ್ನೊಂದು ಮಗ್ಗುಲು ಅದೇ ತುದಿಯನ್ನು ದೂರ ತಳ್ಳಿದರೆ, ಮ್ಯಾಗ್ನೆಟ್ ಹಿಡಿದಿರುವುದು ಖಚಿತ.

ಮ್ಯಾಗ್ನೆಟ್ ಬಿಡಿಸುವುದು

ಇದಕ್ಕೆ ಡಿಮ್ಯಾಗ್ನೆಟೈಸರ್ ಅಂತ ಒಂದು ಪೆಟ್ಟಿಗೆ ಸಿಗುತ್ತದೆ. ಅಂಗೈಯಷ್ಟೇ ದೊಡ್ಡದು, ಮೇಲೊಂದು ಗುಂಡಿ, ಪ್ಲಗ್ ಚುಚ್ಚಿದರೆ ಆಯಿತು. ಗುಂಡಿ ಒತ್ತಿದಾಗ ಒಳಗಿನ ತಂತಿ ಸುರುಳಿಯಲ್ಲಿ ಮನೆಯ ಕರೆಂಟ್ ಹರಿದು, ಅದರ ಕಾಂತಶಕ್ತಿ ಸೆಕೆಂಡಿಗೆ ನೂರು ಸಲ ದಿಕ್ಕು ಬದಲಿಸುತ್ತದೆ. ವಾಚನ್ನು ಹಾಗೇ ದೂರ ಒಯ್ಯುತ್ತಾ ಹೋದರೆ ಈ ಅಲುಗಾಟ ಕ್ಷೀಣಿಸುತ್ತಾ ಸೊನ್ನೆಗೆ ಬರುತ್ತದೆ, ವಾಚಿನ ಮ್ಯಾಗ್ನೆಟ್ಟೂ ಅದರ ಜೊತೆ ಸೊನ್ನೆಗೆ ಇಳಿಯುತ್ತದೆ. ಇಡೀ ಗುಟ್ಟು ಇರುವುದು ಈ ದೂರ ಒಯ್ಯುವುದರಲ್ಲೇ.

ವಾಚನ್ನು ಪೆಟ್ಟಿಗೆಯ ಮೇಲೆ ಹಿಡಿದು ಗುಂಡಿ ಒತ್ತಿ. ಕೈಯಲ್ಲಿ ಜುಮ್ಮನೆ ಒಂದು ನಡುಕ ತಿಳಿಯುತ್ತದೆ, ಹೆದರಬೇಡಿ. ಗುಂಡಿ ಒತ್ತಿಕೊಂಡೇ ವಾಚನ್ನು ನೇರ ಮೇಲಕ್ಕೆ, ಒಂದೇ ಸಮನೆ, ತೋಳಿನುದ್ದ ದೂರ ಎತ್ತಿ. ಅಲ್ಲಿಗೆ ತಲುಪಿದ ಮೇಲೆಯೇ ಗುಂಡಿ ಬಿಡಿ. ವಾಚ್ ಹತ್ತಿರ ಇರುವಾಗಲೇ ಬೆರಳು ಜಾರಿದರೆ ಆ ಕ್ಷಣದ ಮ್ಯಾಗ್ನೆಟ್ ಅದರಲ್ಲೇ ಉಳಿದು, ಮೊದಲಿಗಿಂತ ಜಾಸ್ತಿ ಆಗಲೂಬಹುದು. ಹಾಗಾದರೆ ಮತ್ತೊಮ್ಮೆ ಮೊದಲಿನಿಂದ ಮಾಡಿ, ನಷ್ಟವೇನಿಲ್ಲ. ಕೆಲವು ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿಯಬೇಡಿ, ಪೆಟ್ಟಿಗೆ ಬಿಸಿಯಾಗುತ್ತದೆ. ಆಮೇಲೆ ವಾಚನ್ನು ಮಗ್ಗುಲು ತಿರುಗಿಸಿ ಇನ್ನೊಂದು ಸಲ. ಸ್ಕ್ರೂಡ್ರೈವರ್, ಚಿಮಟ ಇದ್ದರೆ ಅವನ್ನೂ ಹೀಗೇ ಮಾಡಿಬಿಡಿ, ಅವುಗಳಿಂದಲೇ ವಾಚಿಗೆ ಮತ್ತೆ ಮ್ಯಾಗ್ನೆಟ್ ಹತ್ತುವುದುಂಟು.

ಈಗ ಮತ್ತೆ ದಿಕ್ಸೂಚಿ, ಮತ್ತೆ ಒಂದು ದಿನದ ಅಳತೆ. ಹೆಚ್ಚಿನ ವಾಚುಗಳ ಕಥೆ ಇಲ್ಲಿಗೇ ಮುಗಿಯುತ್ತದೆ.

ಮ್ಯಾಗ್ನೆಟ್ ಇಲ್ಲ, ಆದರೂ ನಿಮಿಷಗಟ್ಟಲೆ ಮುಂದೆ?

ಹಾಗಿದ್ದರೆ ಅದು ನೀವು ಮಾಡುವ ಕೆಲಸವಲ್ಲ. ಸ್ಪ್ರಿಂಗ್‌ಗೆ ಎಣ್ಣೆ ತಾಗಿರಬಹುದು, ಸುತ್ತು ಸಿಕ್ಕಿಕೊಂಡಿರಬಹುದು. ಹೊಸದಾಗಿ ಸರ್ವಿಸ್ ಆದ ವಾಚ್ ಪೂರ್ತಿ ಕೀ ಕೊಟ್ಟ ಕೂಡಲೇ ಕುದುರೆ ಓಡಿದ ಹಾಗೆ ಟಕಟಕ ಸದ್ದು ಮಾಡಿ, ಕೆಲವು ಗಂಟೆಯ ಮೇಲೆ ಸಮಾಧಾನವಾದರೆ, ಒಳಗೆ ಹಾಕಿದ ಮುಖ್ಯ ಸ್ಪ್ರಿಂಗ್ (ಕೀ ಕೊಟ್ಟಾಗ ಸುತ್ತಿಕೊಂಡು ವಾಚನ್ನು ಓಡಿಸುವುದು) ಬೇಕಾದ್ದಕ್ಕಿಂತ ಬಲವಾಗಿರಬಹುದು. ಬ್ಯಾಲೆನ್ಸ್ ಚಕ್ರ ಅತಿಯಾಗಿ ತಿರುಗಿ ತಡೆಗೆ ಬಡಿಯುತ್ತಿರುತ್ತದೆ. ಸರ್ವಿಸ್ ಮಾಡಿದವರಿಗೇ ವಾಪಸ್ ಕೊಟ್ಟು ಈ ಸದ್ದಿನ ವಿಷಯ ಹೇಳಿ. ಹೇರ್‌ಸ್ಪ್ರಿಂಗ್ ಮುಟ್ಟುವ ಆಸೆ ಮಾತ್ರ ಬೇಡವೇ ಬೇಡ, ಒಂದು ಸಲ ಸೊಟ್ಟಗಾದರೆ ಅದನ್ನು ಸರಿಮಾಡುವ ಕೈ ಬಹಳ ಕಡಿಮೆ.

ಕಡ್ಡಿ ಸರಿಸುವುದು

ದಿನಕ್ಕೆ ಅರ್ಧ ನಿಮಿಷ, ಒಂದು ನಿಮಿಷ ಮುಂದೆ, ಅದೂ ದಿನವೂ ಒಂದೇ ರೀತಿ ಇದ್ದರೆ ರೆಗ್ಯುಲೇಟರ್ ಕಡ್ಡಿಯ ಸರದಿ. ಹಿಂಬದಿ ಮುಚ್ಚಳ ತೆಗೆದರೆ ಬ್ಯಾಲೆನ್ಸ್ ಚಕ್ರದ ಮೇಲಿನ ಸೇತುವೆಯಂಥ ಲೋಹದ ಪಟ್ಟಿಯಲ್ಲಿ ಕಾಣುತ್ತದೆ. ಪಕ್ಕದಲ್ಲಿ ಪ್ಲಸ್ ಮೈನಸ್ ಗುರುತಿರುತ್ತದೆ, ಇಲ್ಲವೇ ಎಫ್ ಮತ್ತು ಎಸ್, ಅಥವಾ ಫ್ರೆಂಚ್ ಪದ್ಧತಿಯ ಎ ಮತ್ತು ಆರ್. ಮೈನಸ್, ಎಸ್, ಆರ್ ಎಲ್ಲವೂ ನಿಧಾನದ ಕಡೆ. ಹಲವು ಯಂತ್ರಗಳಲ್ಲಿ ಅದರ ಪಕ್ಕದಲ್ಲೇ ಎರಡನೇ ಕಡ್ಡಿ ಇರುತ್ತದೆ, ಹೇರ್‌ಸ್ಪ್ರಿಂಗ್‌ನ ಹೊರ ತುದಿ ಅದಕ್ಕೆ ಸೇರಿರುತ್ತದೆ. ಅದನ್ನು ಮುಟ್ಟಬೇಡಿ. ಯಾವ ಕಡ್ಡಿಯೂ ಕಾಣದಿದ್ದರೆ ಮುಚ್ಚಿಟ್ಟು ರಿಪೇರಿಯವರಲ್ಲಿಗೆ ಹೋಗಿ, ಅಂಥ ವಾಚಿನ ವೇಗವನ್ನು ಚಕ್ರದ ಮೇಲಿನ ಪುಟ್ಟ ಸ್ಕ್ರೂ ಅಥವಾ ತೂಕಗಳಿಂದ ಹೊಂದಿಸುತ್ತಾರೆ.

ಮುಟ್ಟುವ ಮೊದಲು ಕಡ್ಡಿ ಈಗ ಎಲ್ಲಿದೆ ಅಂತ ಫೋನಿನಲ್ಲಿ ಒಂದು ಫೋಟೋ ತೆಗೆಯಿರಿ. ನಾನು ಅವತ್ತು ಇದೊಂದನ್ನು ಮಾಡಿದ್ದರೆ ಅಪ್ಪನ ವಾಚ್ ಮತ್ತೆ ದಾರಿಗೆ ಬರಲು ಎರಡು ವಾರ ಹಿಡಿಯುತ್ತಿರಲಿಲ್ಲ. ಲೋಹದ ಉಪಕರಣ ಬೇಡ, ಹಲ್ಲುಕಡ್ಡಿ ಸಾಕು. ಕೈಯನ್ನು ಮೇಜಿಗೆ ಊರಿ, ಭೂತಗನ್ನಡಿಯಲ್ಲಿ ನೋಡುತ್ತಾ, ರೆಗ್ಯುಲೇಟರ್ ಕಡ್ಡಿಯ ತುದಿಯನ್ನು ಮೈನಸ್ ಕಡೆಗೆ ಸುಮ್ಮನೆ ಮುಟ್ಟಿದಷ್ಟೇ ತಳ್ಳಿ. ಸರಿಯಿತೋ ಇಲ್ಲವೋ ಅಂತ ಅನುಮಾನ ಬರುವಷ್ಟು ಸರಿದರೆ ಅದೇ ಸರಿಯಾದ ಅಳತೆ. ಕಣ್ಣಿಗೆ ಚೆನ್ನಾಗಿ ಕಾಣುವಷ್ಟು ಸರಿದರೆ ಜಾಸ್ತಿ ಆಯಿತು ಅಂತಲೇ ಲೆಕ್ಕ.

ವಾಚಿನ ಟಿಕ್ ಟಿಕ್ ಕೇಳಿಸಿಕೊಂಡು ವೇಗ ಹೇಳುವ ಫೋನ್ ಆ್ಯಪ್‌ಗಳಿವೆ, ಟೈಮ್‌ಗ್ರಾಫರ್ ಯಂತ್ರವೂ ಇದೆ. ಅದರ ಪರದೆಯ ಗೆರೆ ಮೇಲಕ್ಕೆ ಏರುತ್ತಿದ್ದರೆ ವಾಚ್ ಮುಂದೆ, ಇಳಿಯುತ್ತಿದ್ದರೆ ಹಿಂದೆ. ಇವು ಇದ್ದರೆ ಫಲ ಕೂಡಲೇ ಗೊತ್ತಾಗುತ್ತದೆ, ಇಲ್ಲದಿದ್ದರೆ ಒಂದು ಸಲ ಸರಿಸಿ ಒಂದು ದಿನ ಕಾಯಬೇಕು. ಮುಖ ಮೇಲೆ ಮಾಡಿಟ್ಟಾಗ ದಿನಕ್ಕೆ ಐದಾರು ಸೆಕೆಂಡ್ ಮುಂದೆ ಇರುವಲ್ಲಿಗೆ ಬಂದರೆ ನಿಲ್ಲಿಸಿ. ಹಿಂದೆ ಬೀಳುವ ವಾಚಿಗಿಂತ ತುಸು ಮುಂದಿರುವುದು ವಾಸಿ. ಕೀ ಗುಂಡಿ ಎಳೆದಾಗ ಸೆಕೆಂಡ್ ಮುಳ್ಳು ನಿಲ್ಲುವ ವಾಚಾದರೆ, ವಾರಕ್ಕೊಮ್ಮೆ ಮೂವತ್ತೈದು ನಲವತ್ತು ಸೆಕೆಂಡ್ ನಿಲ್ಲಿಸಿ ಬಿಟ್ಟರೆ ಸಮಯ ಕೂಡಿಕೊಳ್ಳುತ್ತದೆ.

ಮುಚ್ಚಳ ಹಾಕುವಾಗ ರಬ್ಬರ್ ರಿಂಗ್ ತನ್ನ ತೋಡಿನಲ್ಲಿ ಸರಿಯಾಗಿ ಕೂತಿದೆಯಾ ನೋಡಿ. ಒಮ್ಮೆ ತೆಗೆದ ಮುಚ್ಚಳ ಮೊದಲಿನಷ್ಟು ನೀರು ತಡೆಯುತ್ತದೆ ಅಂತ ಹೇಳಲಾಗದು, ಪರೀಕ್ಷೆ ಮಾಡಿಸುವವರೆಗೆ ನೀರಿಗೆ ಇಳಿಸಬೇಡಿ. ರಾತ್ರಿ ಬಿಚ್ಚಿಡುವಾಗ ಸ್ಪೀಕರ್, ಫೋನ್, ಮ್ಯಾಗ್ನೆಟ್ ಗುಂಡಿಯ ಬ್ಯಾಗ್, ಮುಚ್ಚಿದ ಲ್ಯಾಪ್‌ಟಾಪ್ ಇವುಗಳ ಮೇಲೆ ಬೇಡ, ಒಂದು ಗೇಣು ದೂರ ಇದ್ದರೂ ಸಾಕು.