ಬೆಲ್ಜಿಯಂನ ಸಣ್ಣ ಊರಿಗೆ ಊಟಕ್ಕೆ ಹೋದರೆ ಕಾರು ಎಲ್ಲಿ ನಿಲ್ಲಿಸೋದು?

ಮೊದಲು ಗಡಿಯಾರ ನೋಡಿ, ಆಮೇಲೆ ಜಾಗ ಹುಡುಕಿ. ಬೆಲ್ಜಿಯಂನ ಸಣ್ಣ ಊರುಗಳಲ್ಲಿ ಮಧ್ಯಾಹ್ನದ ಊಟಕ್ಕೆ ಹೋದರೆ ಒಂದು ಲೆಕ್ಕ, ರಾತ್ರಿ ಊಟಕ್ಕೆ ಹೋದರೆ ಇನ್ನೊಂದು ಲೆಕ್ಕ. ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಿಂದಲೋ ಜರ್ಮನಿಯ ಆಖನ್‌ನಿಂದಲೋ ಗಡಿ ದಾಟಿ ಬರುವವರು, ಏರ್‌ಪೋರ್ಟಿನಲ್ಲಿ ಬಾಡಿಗೆ ಕಾರು ತಗೊಂಡವರು ಇದನ್ನು ತಿಳಿದುಕೊಂಡರೆ ದುಡ್ಡೂ ಉಳಿಯುತ್ತದೆ, ತಲೆನೋವೂ ಇರಲ್ಲ.

ಇಲ್ಲಿ ಬಹಳ ಊರುಗಳಲ್ಲಿ ಇರುವುದು ನೀಲಿ ವಲಯ. ದುಡ್ಡು ಕೊಡಬೇಕಿಲ್ಲ, ಆದರೆ ಹೊತ್ತು ತೋರಿಸುವ ನೀಲಿ ರಟ್ಟಿನ ಪಾರ್ಕಿಂಗ್ ಡಿಸ್ಕ್ ಮುಂದಿನ ಗಾಜಿನ ಹಿಂದೆ ಕಾಣುವ ಹಾಗೆ ಇಡಬೇಕು. ಬೋರ್ಡಿನಲ್ಲಿ ಬೇರೆ ಏನೂ ಬರೆದಿಲ್ಲ ಅಂದರೆ ಸೋಮವಾರದಿಂದ ಶನಿವಾರ, ಬೆಳಿಗ್ಗೆ 9ರಿಂದ ಸಂಜೆ 6, ಗರಿಷ್ಠ 2 ಗಂಟೆ. ಭಾನುವಾರ ಮತ್ತು ಸರ್ಕಾರಿ ರಜೆಯಲ್ಲಿ ಇದು ಲೆಕ್ಕಕ್ಕಿಲ್ಲ. ಒಂದು ತೊಂದರೆ ಏನೆಂದರೆ ಬೋರ್ಡು ವಲಯ ಶುರುವಾಗುವ ಕಡೆ ಮಾತ್ರ ಇರುತ್ತದೆ. ಒಳಗಿನ ಒಂದೊಂದು ಬೀದಿಯಲ್ಲೂ ಮತ್ತೆ ಹಾಕಿರಲ್ಲ. ಊರೊಳಗೆ ಹೋಗುವಾಗ ಹೆಂಡತಿನೋ ಮಕ್ಕಳೋ ಪಕ್ಕದಲ್ಲಿ ಕೂತು ಬೋರ್ಡು ಓದಲಿ, ನೀವು ರಸ್ತೆ ನೋಡಿ.

ಡಿಸ್ಕ್ ಇಡುವುದರಲ್ಲಿ ಒಂದು ಸಣ್ಣ ಉಪಾಯ ಇದೆ, ಅದೂ ಕಾನೂನಿನ ಒಳಗೇ. ಬಾಣವನ್ನು ನೀವು ಬಂದ ಹೊತ್ತಿಗೆ ಅಲ್ಲ, ಅದರ ಮುಂದಿನ ಗೆರೆಗೆ ಇಡಬೇಕು, ಅಂದರೆ ಮುಂದಿನ ಅರ್ಧ ಗಂಟೆಗೆ. 12:05ಕ್ಕೆ ಬಂದಿರಾ, 12:30ಕ್ಕೆ ಇಡಿ, 2:30ರವರೆಗೆ ನಿಮ್ಮದು. ಅದೇ 11:55ಕ್ಕೆ ಬಂದಿದ್ದರೆ 2 ಗಂಟೆಗೇ ಮುಗಿಯುತ್ತಿತ್ತು. ಹಾಗಾಗಿ ಐದು ನಿಮಿಷ ಮೊದಲು ತಲುಪಿದರೆ ಸುಮ್ನೆ ಒಂದು ಸುತ್ತು ಹಾಕಿ ಬನ್ನಿ. ಸಂಜೆಗೂ ಇದೇ ಲೆಕ್ಕ: 3:30 ದಾಟಿದ ಮೇಲೆ ನಿಲ್ಲಿಸಿದರೆ ಬಾಣ 4ಕ್ಕೆ, 2 ಗಂಟೆ ಸೇರಿಸಿದರೆ 6, ಅಷ್ಟೊತ್ತಿಗೆ ವಲಯವೇ ಮುಗಿದಿರುತ್ತದೆ. ಊಟದ ಮಧ್ಯೆ ಎದ್ದು ಹೋಗಿ ಬಾಣ ತಿರುಗಿಸಿ ಬರುವ ಹಾಗಿಲ್ಲ, ಕಾರನ್ನು ಅಲ್ಲಿಂದ ತೆಗೆಯಲೇಬೇಕು. ಡಿಸ್ಕ್ ಇಲ್ಲದಿದ್ದರೆ ಪೆಟ್ರೋಲ್ ಬಂಕಿನಲ್ಲಿ, ಪೇಪರ್ ಅಂಗಡಿಯಲ್ಲಿ ಕೇಳಿ. ನೆದರ್‌ಲ್ಯಾಂಡ್ಸ್, ಜರ್ಮನಿಯ ನೀಲಿ ಡಿಸ್ಕೂ ನಡೆಯುತ್ತದೆ.

ಈಗ ಗೊತ್ತಾಯಿತಲ್ವಾ, ಕಷ್ಟ ಇರುವುದು ಮಧ್ಯಾಹ್ನ. ಬೆಲ್ಜಿಯಂನವರು ಒಳ್ಳೆ ಹೋಟೆಲಿನಲ್ಲಿ ಕೂತರೆ ಮೂರು ಗಂಟೆ ಎದ್ದೇಳಲ್ಲ, ಅಡುಗೆಮನೆಯವರಿಗೂ ಅವಸರ ಇಲ್ಲ. ಎರಡು ಗಂಟೆಯ ಜಾಗ ಅದಕ್ಕೆ ಸಾಲದು. ಶನಿವಾರ ಮಧ್ಯಾಹ್ನ ಆರಾಮಾಗಿ ಉಣ್ಣಬೇಕು ಅಂದರೆ ವಲಯದ ಹೊರಗೆ ನಿಲ್ಲಿಸಿ ಹತ್ತು ನಿಮಿಷ ನಡೆಯಿರಿ. ರೈಲ್ವೆ ಸ್ಟೇಷನ್ ಪಕ್ಕ, ಊರಿನ ಸ್ಪೋರ್ಟ್ಸ್ ಹಾಲ್ ಮುಂದೆ, ಸ್ಮಶಾನದ ಹತ್ತಿರ ಮೊದಲು ನೋಡಿ. ಹಿರಿಯರು ಜೊತೆಗಿದ್ದರೆ ಅವರನ್ನು ಬಾಗಿಲಲ್ಲಿ ಇಳಿಸಿ ಹೋಗಿ. ಸೂಪರ್‌ಮಾರ್ಕೆಟ್ ಜಾಗ ಖಾಲಿ ಇದೆ ಅಂತ ನುಗ್ಗಬೇಡಿ, ಅಲ್ಲೂ ಗಂಟೆಯ ಮಿತಿ ಹಾಕಿರಬಹುದು. ಅಂಗಡಿ ಸಾಲಿನಲ್ಲಿ 'ಶಾಪ್ ಅಂಡ್ ಗೋ' ಅಂತ ಬರೆದ ಜಾಗ ಕಂಡರೆ ಅದು ಬ್ರೆಡ್ ತಗೊಂಡು ಹೋಗುವವರಿಗೆ, ಸಾಮಾನ್ಯವಾಗಿ ಅರ್ಧ ಗಂಟೆ ಅಷ್ಟೇ.

ಈಪರ್ ಊರನ್ನೇ ತಗೊಳ್ಳಿ. ಹೋಟೆಲುಗಳು ಇರುವುದು ಗ್ರೋಟೆ ಮಾರ್ಕ್ಟ್ ಅನ್ನುವ ದೊಡ್ಡ ಚೌಕದ ಸುತ್ತ. ಶನಿವಾರ ಬೆಳಿಗ್ಗೆ ಅಲ್ಲಿ ಸಂತೆ, ಕಾರಿಗೆ ಜಾಗ ಸಿಗಲ್ಲ. ಇನ್ನು ಸಂಜೆ 8ಕ್ಕೆ ಮೆನಿನ್ ಗೇಟ್ ಅನ್ನುವ ಯುದ್ಧ ಸ್ಮಾರಕದ ಕೆಳಗೆ, ಸತ್ತ ಸೈನಿಕರ ನೆನಪಿಗೆ ಲಾಸ್ಟ್ ಪೋಸ್ಟ್ ಕಹಳೆ ಊದುತ್ತಾರೆ, 1928ರಿಂದ ನಡೆದು ಬಂದ ಪದ್ಧತಿ. ಆ ಹೊತ್ತಿಗೆ ಅಲ್ಲಿ ರಸ್ತೆ ಮುಚ್ಚಿ ಜನ ತುಂಬಿರುತ್ತಾರೆ. ಮೊದಲ ಮಹಾಯುದ್ಧದಲ್ಲಿ ಸತ್ತ ಭಾರತೀಯ ಸೈನಿಕರ ಹೆಸರುಗಳೂ ಆ ಗೇಟಿನ ಗೋಡೆಯ ಮೇಲಿವೆ, ಹಾಗಾಗಿ ನೋಡದೆ ಬರಬೇಡಿ. ಕಾರನ್ನು ಮಿನ್ನೆಪ್ಲೈನ್ ಕಡೆಯ ದೊಡ್ಡ ಬಯಲಲ್ಲಿ ಬಿಟ್ಟು ನಡೆದು ಹೋಗಿ, ಕಹಳೆ ಕೇಳಿ ಆಮೇಲೆ ಊಟಕ್ಕೆ ಕೂರಿ. ಟೇಬಲ್ ಮಾತ್ರ ಮೊದಲೇ ಹೇಳಿಟ್ಟಿರಿ, ಇಲ್ಲಿನ ಸಣ್ಣ ಊರುಗಳಲ್ಲಿ ಅಡುಗೆಮನೆ ಬೇಗ ಮುಚ್ಚುತ್ತದೆ. ಫೋನ್ ಮಾಡಿದಾಗಲೇ ಕಾರು ಎಲ್ಲಿ ನಿಲ್ಲಿಸಬಹುದು ಅಂತಲೂ ಕೇಳಿ. ಬೆಂಗಳೂರಿನ ಹಾಗೆ ಸೀಟಿ ಊದಿ ಹಿಂದೆ ಬನ್ನಿ, ಹಿಂದೆ ಬನ್ನಿ ಅನ್ನುವ ಸೆಕ್ಯುರಿಟಿ ಇಲ್ಲಿ ಇರಲ್ಲ.

ಕೆಲವು ಊರುಗಳಲ್ಲಿ ಒಂದು ವಿಚಿತ್ರ ನಿಯಮ ಇನ್ನೂ ಇದೆ. ತಿಂಗಳ 1ರಿಂದ 15ರವರೆಗೆ ಬೀದಿಯ ಬೆಸ ಸಂಖ್ಯೆಯ ಮನೆಗಳ ಕಡೆ, 16ರಿಂದ ಕೊನೆಯವರೆಗೆ ಸಮ ಸಂಖ್ಯೆಯ ಕಡೆ ನಿಲ್ಲಿಸಬೇಕು. ಕಡೆ ಬದಲಿಸುವುದು ಅವಧಿಯ ಕೊನೆ ದಿನ ಸಂಜೆ 7:30ರಿಂದ 8ರ ನಡುವೆ, ಸರಿಯಾಗಿ ನಿಮ್ಮ ಮುಂದೆ ಸೂಪ್ ಬರುವ ಹೊತ್ತಿಗೆ! 15ನೇ ತಾರೀಕು ಹೋಗುತ್ತಿದ್ದರೆ ಊರಿನ ಬಾಗಿಲಿನ ಬೋರ್ಡು ಎರಡು ಸಲ ನೋಡಿ.

ಗ್ಯಾರೇಜ್ ಬಾಗಿಲ ಮೇಲೆ ಕಾರಿನ ನಂಬರ್ ಪ್ಲೇಟ್ ಅಂಟಿಸಿದ್ದು ಕಂಡರೆ ನಗಬೇಡಿ. ಆ ನಂಬರಿನ ಕಾರಿಗೆ ಮಾತ್ರ ಆ ಬಾಗಿಲ ಮುಂದೆ ನಿಲ್ಲಲು ಅವಕಾಶ. ಕಲ್ಲಿನ ಅಂಚಿಗೆ ತುಂಡು ತುಂಡು ಹಳದಿ ಗೆರೆ ಇದ್ದರೆ ಯಾರಿಗೂ ಇಲ್ಲ. ಜಿಪಿಎಸ್‌ಗೆ ಹೋಟೆಲಿನ ವಿಳಾಸವನ್ನೇ ಹಾಕಬೇಡಿ, ಪಾರ್ಕಿಂಗ್ ಜಾಗದ ಹೆಸರು ಹಾಕಿ. ಮೆಖೆಲೆನ್‌ನಂಥ ಊರಿನ ನಡುಭಾಗದಲ್ಲಿ ಕಾರು ಬಿಡದ ಬೀದಿಗಳಿವೆ, ಕ್ಯಾಮೆರಾ ನಂಬರ್ ಓದಿ ದಂಡ ಕಳಿಸುತ್ತದೆ.

ದುಡ್ಡು ಕೊಡುವ ಜಾಗವಾದರೆ ಯಂತ್ರದಲ್ಲಿ ಕಾರಿನ ನಂಬರ್ ಒತ್ತಿ, ಅಥವಾ ಪಾರ್ಕಿಂಗ್ ದುಡ್ಡು ಕಟ್ಟುವ 4411 ಆ್ಯಪ್ ಫೋನಿನಲ್ಲಿ ಇಟ್ಟುಕೊಳ್ಳಿ. ಎಷ್ಟು ಗಂಟೆವರೆಗೆ ಅನ್ನುವುದು ಊರಿಂದ ಊರಿಗೆ ಬೇರೆ, ಯಂತ್ರದ ಮೇಲೆ ಬರೆದಿರುತ್ತದೆ. ಇಷ್ಟಾದರೂ ಗಾಜಿನ ಮೇಲೆ ದಂಡದ ಚೀಟಿ ಸಿಕ್ಕರೆ ಬೇಗ ಕಟ್ಟಿಬಿಡಿ, ತಡವಾದರೆ ಜ್ಞಾಪನೆ ಪತ್ರದ ಖರ್ಚೂ ಸೇರಬಹುದು, ಬಾಡಿಗೆ ಕಾರಾದರೆ ಕಂಪನಿಯವರು ತಮ್ಮ ಶುಲ್ಕ ಬೇರೆ ಹಾಕುತ್ತಾರೆ. ಬ್ಯಾಂಕಿನಿಂದ ಕಳಿಸುವಾಗ ಚೀಟಿಯಲ್ಲಿರುವ 12 ಅಂಕಿಯ ಸಂಖ್ಯೆಯನ್ನು ಹಾಗೇ ಹಾಕಿ, ಹೆಸರು ವಿವರಣೆ ಏನೂ ಬೇಡ.