ಎರಡು ವರ್ಷಕ್ಕೆ ಎರಡು ಬ್ಯಾಗ್: ಸ್ವಯಂಸೇವೆಗೆ ವಿದೇಶಕ್ಕೆ ಹೊರಡುವವರಿಗೆ

ಪ್ರವಾಸಕ್ಕೆ ಹೋಗುವವರು ವಾಪಸ್ ಬರುವ ದಿನ ನೋಡಿಕೊಂಡು ಬ್ಯಾಗ್ ತುಂಬುತ್ತಾರೆ. ಒಂದೆರಡು ವರ್ಷದ ಸ್ವಯಂಸೇವೆಗೆ ಹೊರಟವರು ಅಲ್ಲಿ ಮನೆ ಹೂಡಬೇಕು, ಅಡುಗೆ ಮಾಡಬೇಕು, ಕೆಲಸಕ್ಕೂ ಹೋಗಬೇಕು. ಅಷ್ಟಕ್ಕೂ ಬೇಕಾದದ್ದನ್ನು ಹೊತ್ತುಕೊಂಡು ಹೋಗಲು ಆಗುವುದಿಲ್ಲ. ಅಲ್ಲಿ ಸಿಗುವುದನ್ನು ಇಲ್ಲೇ ಬಿಡಿ, ಸಿಗದಿದ್ದಕ್ಕೆ ಜಾಗ ಕೊಡಿ. ಮೈಸೂರು, ಮಂಡ್ಯ ಕಡೆಯಿಂದ ಪೂರ್ವ ಆಫ್ರಿಕಾಕ್ಕೆ ಹೊರಟವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಇದನ್ನು ಬರೆದಿದ್ದೇನೆ. ಬೇರೆ ದೇಶವಾದರೂ ಕ್ರಮ ಇದೇ.

ಮೊದಲು ವಿಚಾರಿಸಿ

ಯಾವ ದೇಶ ಅನ್ನುವುದಕ್ಕಿಂತ ಯಾವ ಊರು ಅನ್ನುವುದು ಮುಖ್ಯ. ಈಗಾಗಲೇ ಅಲ್ಲಿರುವ ಸ್ವಯಂಸೇವಕರೊಬ್ಬರ ನಂಬರ್ ಕೊಡಿ ಎಂದು ನಿಮ್ಮ ಸಂಸ್ಥೆಯವರನ್ನು ಕೇಳಿ. ಕರೆಂಟ್ ಎಷ್ಟು ಹೊತ್ತು ಇರುತ್ತದೆ, ಒಲೆ ಗ್ಯಾಸಿನದೋ ಇದ್ದಿಲಿನದೋ, ಸಂತೆ ಎಷ್ಟು ದೂರ, ಚಳಿ ಇದೆಯಾ? ಆಫ್ರಿಕಾ ಎಂದರೆ ಬರೀ ಬಿಸಿಲು ಎಂದುಕೊಂಡು ಸ್ವೆಟರ್ ಬಿಟ್ಟು ಹೋಗಬೇಡಿ. ನೈರೋಬಿ ನಮ್ಮ ಮೈಸೂರಿಗಿಂತ ಎರಡು ಪಟ್ಟು ಎತ್ತರದಲ್ಲಿದೆ. ಜೂನ್, ಜುಲೈನಲ್ಲಿ ಅಲ್ಲಿ ಚೆನ್ನಾಗಿಯೇ ಚಳಿ ಇರುತ್ತದೆ.

ಕಾಗದ ಮತ್ತು ಲಸಿಕೆ

ಬಟ್ಟೆ ಮಡಚುವ ಮುಂಚೆ ಈ ಕೆಲಸ ಮುಗಿಯಲಿ. ಹಳದಿ ಜ್ವರದ ಲಸಿಕೆಯನ್ನು ಸರ್ಕಾರ ಒಪ್ಪಿದ ಕೇಂದ್ರಗಳಲ್ಲಿ ಮಾತ್ರ ಕೊಡುತ್ತಾರೆ. ಅದರ ಪ್ರಮಾಣಪತ್ರಕ್ಕೆ ಬೆಲೆ ಬರುವುದು ಲಸಿಕೆ ಹಾಕಿಸಿ 10 ದಿನ ಆದ ಮೇಲೆ. ಹಾಗಾಗಿ ಕೊನೆ ವಾರಕ್ಕೆ ಇಟ್ಟುಕೊಳ್ಳಬೇಡಿ. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ. ಆ ಪತ್ರ ಹೋಗುವಾಗ ಮಾತ್ರವಲ್ಲ, ಬರುವಾಗಲೂ ಬೇಕು. ಉಗಾಂಡ, ಕೀನ್ಯಾದಂಥ ದೇಶಗಳಿಂದ ಪತ್ರವಿಲ್ಲದೆ ಬಂದಿಳಿದವರನ್ನು ಭಾರತದಲ್ಲಿ 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಅದನ್ನು ಪಾಸ್‌ಪೋರ್ಟಿನ ಜೊತೆಯಲ್ಲೇ ಇಡಿ.

ಔಷಧಿಯನ್ನು ಡಬ್ಬಿಗೆ ಸುರಿಯಬೇಡಿ, ಸ್ಟ್ರಿಪ್ ಸಮೇತ ಒಯ್ಯಿರಿ. ಬಿಪಿ, ಸಕ್ಕರೆ, ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರ ಹತ್ತಿರ ಒಂದು ಪತ್ರ ಬರೆಸಿಕೊಳ್ಳಿ. ಅದರಲ್ಲಿ ಕಂಪನಿ ಹೆಸರಲ್ಲ, ಔಷಧಿಯ ಮೂಲ ಹೆಸರು ಇರಬೇಕು. ನಮ್ಮ ಬ್ರ್ಯಾಂಡ್ ಹೆಸರು ಅಲ್ಲಿನ ಅಂಗಡಿಯವರಿಗೆ ಗೊತ್ತಿರದಿರಬಹುದು. ಮಲೇರಿಯಾ ತಡೆಯುವ ಕೆಲವು ಮಾತ್ರೆಗಳನ್ನು ಹೊರಡುವ ಮೊದಲೇ ಶುರು ಮಾಡಬೇಕು, ಅದನ್ನೂ ಕೇಳಿ. ಕನ್ನಡಕ ಎರಡು ಜೊತೆ ಇರಲಿ, ನಂಬರ್ ಬರೆದ ಚೀಟಿಯೂ ಇರಲಿ. ಹಳ್ಳಿಯಲ್ಲಿ ಕೂತಾಗ ಕನ್ನಡಕ ಮುರಿದರೆ ವಾರಗಟ್ಟಲೆ ಕೆಲಸ ನಿಲ್ಲುತ್ತದೆ.

ಅಡುಗೆಮನೆ

ನಮ್ಮ ಮನೆಗಳಲ್ಲಿ ವಾದ ಶುರುವಾಗುವುದೇ ಇಲ್ಲಿ. ಮಗಳು ಅಷ್ಟು ದೂರ ಹೋಗುತ್ತಾಳೆ ಎಂದು ಅಮ್ಮ ರಾಗಿಹಿಟ್ಟು ಬೀಸಿಸಿ ಇಡುತ್ತಾರೆ. ಕೀನ್ಯಾ, ಉಗಾಂಡಕ್ಕೆ ಅದು ಬೇಡವೇ ಬೇಡ. ರಾಗಿಯ ತವರೇ ಆ ಕಡೆಯ ಎತ್ತರದ ನೆಲ. ಕೀನ್ಯಾದ ಸಂತೆಯಲ್ಲಿ ವಿಂಬಿ ಎಂದು ಕೇಳಿದರೆ ಕೊಡುತ್ತಾರೆ. ಅವರು ಗಂಜಿ ಕಾಯಿಸುತ್ತಾರೆ, ನೀವು ಮುದ್ದೆ ಕಟ್ಟಿಕೊಳ್ಳಿ. ತೊಗರಿಯೂ ಅಷ್ಟೆ. ತಾಂಜಾನಿಯಾ, ಮಲಾವಿ, ಮೊಜಾಂಬಿಕ್‌ನಲ್ಲಿ ಬೆಳೆದ ತೊಗರಿಯನ್ನು ನಮ್ಮ ದೇಶವೇ ತರಿಸಿಕೊಳ್ಳುತ್ತದೆ. ನೈರೋಬಿ, ಕಂಪಾಲಾದ ಭಾರತೀಯರ ಅಂಗಡಿಗಳಲ್ಲಿ ಅಕ್ಕಿ, ಬೇಳೆ, ಸಾಸಿವೆ, ಜೀರಿಗೆ ಎಲ್ಲ ಸಿಗುತ್ತದೆ.

ಸಿಗದಿರುವುದು ನಿಮ್ಮ ಮನೆಯ ಸಾರಿನ ಪುಡಿ, ಹುಳಿಪುಡಿ. ಅದಕ್ಕೆ ಧಾರಾಳವಾಗಿ ಜಾಗ ಕೊಡಿ. ಆದರೆ ಕೊಬ್ಬರಿ ಹಾಕದೆ ಮಾಡಿಸಿ, ಇಲ್ಲದಿದ್ದರೆ ಬೇಗ ಕಮಟು ಹತ್ತುತ್ತದೆ. ಇಡೀ ಕೊಬ್ಬರಿಯನ್ನಂತೂ ಚೆಕ್-ಇನ್ ಬ್ಯಾಗಿನಲ್ಲಿ ಇಡುವ ಹಾಗೇ ಇಲ್ಲ. ಅದರಲ್ಲಿ ಎಣ್ಣೆ ಜಾಸ್ತಿ, ಬೆಂಕಿ ಹಿಡಿಯುವ ಭಯ ಇರುತ್ತದೆ. ಅದಕ್ಕೇ 2022ರಲ್ಲಿ ಅದನ್ನು ನಿಷೇಧದ ಪಟ್ಟಿಗೆ ಸೇರಿಸಿದರು. ಗಸಗಸೆಯನ್ನು ಮುಟ್ಟಲೇಬೇಡಿ. ಬೆಂಗಳೂರಿನಿಂದ ಆಫ್ರಿಕಾಕ್ಕೆ ಹೋಗುವ ಎಷ್ಟೋ ಜನ ದುಬೈನಲ್ಲಿ ವಿಮಾನ ಬದಲಿಸುತ್ತಾರೆ. ಅಲ್ಲಿ ಗಸಗಸೆಯನ್ನು ಮಾದಕ ವಸ್ತುವಿನ ಲೆಕ್ಕಕ್ಕೆ ಸೇರಿಸಿದ್ದಾರೆ. ಪಾಯಸಕ್ಕೆಂದು ಕಟ್ಟಿಕೊಟ್ಟ ಸಣ್ಣ ಪೊಟ್ಟಣವೂ ಜೈಲಿನವರೆಗೆ ಎಳೆಯಬಹುದು.

ಮೂರು ಲೀಟರಿನ ಕುಕ್ಕರ್ ಒಯ್ಯುವುದು ಒಳ್ಳೆಯದು. ಅದೇ ಕಂಪನಿಯ ಎರಡು ಗ್ಯಾಸ್ಕೆಟ್, ಒಂದು ಸೇಫ್ಟಿ ವಾಲ್ವ್ ಜೊತೆಗಿರಲಿ. ಕುಕ್ಕರ್ ಒಳಗಿನ ಜಾಗ ಸುಮ್ನೆ ಬಿಡಬೇಡಿ, ಪುಡಿಯ ಪೊಟ್ಟಣಗಳನ್ನು ಅದರಲ್ಲೇ ತುಂಬಿ. ಕಾಫಿಪುಡಿ ಬೇಡ, ಅದು ಕಾಫಿ ಬೆಳೆಯುವ ಸೀಮೆ. ಫಿಲ್ಟರ್ ಮಾತ್ರ ಮರೆಯಬೇಡಿ.

ಇದನ್ನೆಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಬೇಡಿ. ಕೀನ್ಯಾ 2017ರಲ್ಲಿ, ತಾಂಜಾನಿಯಾ 2019ರಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧಿಸಿವೆ. ರುವಾಂಡಾ ಅದಕ್ಕೂ ಮುಂಚೆಯೇ ಮಾಡಿತ್ತು. ಬಟ್ಟೆ ಚೀಲ, ಸ್ಟೀಲ್ ಡಬ್ಬ ಸಾಕು.

ಬಟ್ಟೆ

ಇದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಒಂದು ವಾರಕ್ಕಾಗುವಷ್ಟು ಹತ್ತಿ ಬಟ್ಟೆ, ಒಂದು ಸ್ವೆಟರ್, ಸಮಾರಂಭಕ್ಕೆ ಒಂದು ಸೀರೆ ಅಥವಾ ಪಂಚೆ. ಉಳಿದದ್ದು ಅಲ್ಲಿನ ಸೆಕೆಂಡ್ ಹ್ಯಾಂಡ್ ಬಟ್ಟೆ ಸಂತೆಗಳಲ್ಲಿ ಅಗ್ಗಕ್ಕೆ ಸಿಗುತ್ತದೆ. ಒಳಉಡುಪು, ಕಾಲಿಗೆ ಸರಿಯಾಗಿ ಕೂರುವ ಶೂ ಇಲ್ಲಿಂದಲೇ ಒಯ್ಯಿರಿ. ಮಿಲಿಟರಿ ಬಣ್ಣದ ಪ್ಯಾಂಟು, ಟೋಪಿ ಬೇಡ. ಉಗಾಂಡದಲ್ಲಿ ಸಾಮಾನ್ಯ ಜನ ಅದನ್ನು ಹಾಕುವುದು ಅಪರಾಧ.

ಫೋನು, ಪ್ಲಗ್ಗು, ದುಡ್ಡು

ಎರಡು ಸಿಮ್ ಹಾಕುವ ಫೋನು ಬೇಕು. ಇಲ್ಲಿನ ಬ್ಯಾಂಕಿನ ಒಟಿಪಿ ಬರುವುದು ಇಲ್ಲಿನ ನಂಬರಿಗೇ. ರೀಚಾರ್ಜ್ ತಪ್ಪಿ ಆ ಸಿಮ್ ಸತ್ತರೆ ದೂರದಲ್ಲಿ ಕೂತು ಸರಿಪಡಿಸುವುದು ಬಹಳ ಕಷ್ಟ. ರೀಚಾರ್ಜ್ ಜವಾಬ್ದಾರಿಯನ್ನು ಮನೆಯಲ್ಲಿ ಒಬ್ಬರಿಗೆ ಒಪ್ಪಿಸಿ. ಇಲ್ಲಿ ಯುಪಿಐ ಇದ್ದ ಹಾಗೆ ಕೀನ್ಯಾದಲ್ಲಿ 2007ರಿಂದಲೇ ಎಂ-ಪೆಸಾ ಇದೆ. ಅಲ್ಲಿನ ಸಿಮ್ ಕೊಂಡ ಮೇಲೆ ಅದನ್ನು ತೆರೆಯಬಹುದು. ಅಲ್ಲಿಯವರೆಗೆ ಕೈಯಲ್ಲಿ ಸ್ವಲ್ಪ ಡಾಲರ್ ಇರಲಿ.

ಕೀನ್ಯಾ, ಉಗಾಂಡದ ಪ್ಲಗ್ಗಿಗೆ ಮೂರು ಚಪ್ಪಟೆ ಪಿನ್ನು. ನಮ್ಮ ದುಂಡು ಪಿನ್ನು ಕೂರುವುದಿಲ್ಲ. ಒಂದು ಅಡಾಪ್ಟರ್, ಒಂದು ಎಕ್ಸ್‌ಟೆನ್ಷನ್ ಬೋರ್ಡ್ ಇದ್ದರೆ ಎಲ್ಲ ಸಾಮಾನೂ ನಡೆಯುತ್ತದೆ. ಪವರ್ ಬ್ಯಾಂಕ್ ಯಾವತ್ತೂ ಕೈಬ್ಯಾಗಿನಲ್ಲೇ ಇರಬೇಕು, 100 ವ್ಯಾಟ್-ಅವರ್ ದಾಟಬಾರದು. 20,000 ಎಂಎಎಚ್‌ನದು ಈ ಮಿತಿಯ ಒಳಗೇ ಬರುತ್ತದೆ.

ತೂಕ

ಎಷ್ಟು ಕೆಜಿ ಎಂದು ಟಿಕೆಟ್ಟಿನಲ್ಲೇ ಬರೆದಿರುತ್ತದೆ, ಅದನ್ನೇ ನಂಬಿ. ಸಾಮಾನ್ಯವಾಗಿ ಒಂದು ಬ್ಯಾಗಿಗೆ 23 ಕೆಜಿ. ನೇತುಹಾಕುವ ತಕ್ಕಡಿಯಲ್ಲಿ ಮನೆಯಲ್ಲೇ ತೂಗಿ, ಒಂದೆರಡು ಕೆಜಿ ಕಡಿಮೆಯೇ ಇಟ್ಟುಕೊಳ್ಳಿ. ಚೆಕ್-ಇನ್ ಬ್ಯಾಗ್ ತಡವಾಗಿ ಬಂದರೂ ಮೂರು ದಿನ ನಡೆಯಬೇಕು. ಅದಕ್ಕೆ ಒಂದು ಜೊತೆ ಬಟ್ಟೆ, ಔಷಧಿ, ಕನ್ನಡಕ, ಎಲ್ಲ ಕಾಗದ ಕೈಬ್ಯಾಗಿನಲ್ಲಿರಲಿ. ಪಾಸ್‌ಪೋರ್ಟ್, ವೀಸಾ, ವಿಮೆ, ನೇಮಕದ ಪತ್ರ ಎಲ್ಲದರ ಒಂದು ಜೆರಾಕ್ಸ್ ಸೆಟ್ ಮನೆಯಲ್ಲಿ ಬಿಡಿ. ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ನಂಬರನ್ನೂ ಅದರ ಮೇಲೆ ಬರೆದಿಡಿ.