ಟ್ರೈಟನ್‌ನಲ್ಲಿ ಆರ್ಗನ್: ತಿರುಗುವ ಸ್ಪೀಕರಿನ ವೇಗವನ್ನು ಕಾಲಿಗೆ ತಂದುಕೊಂಡ ಬಗೆ

ಆರ್ಗನ್ ಸೌಂಡ್ ನುಡಿಸುವವರಲ್ಲಿ ಹೆಚ್ಚಿನವರು ರೋಟರಿ ಸ್ಪೀಕರ್ ಎಫೆಕ್ಟನ್ನು (ತಿರುಗುವ ಸ್ಪೀಕರಿನ ಅಲೆಯುವ ಧ್ವನಿಯ ಅನುಕರಣೆ) ಆನ್ ಮಾಡಿ ಹಾಗೇ ಬಿಟ್ಟುಬಿಡುತ್ತಾರೆ. ಅದರ ಸೊಗಸೆಲ್ಲ ಇರುವುದು ನಿಧಾನದಿಂದ ವೇಗಕ್ಕೆ, ವೇಗದಿಂದ ನಿಧಾನಕ್ಕೆ ಹೊರಳುವ ನಾಲ್ಕೈದು ಸೆಕೆಂಡಿನಲ್ಲಿ. ಆ ಹೊರಳು ಬೇಕೆಂದಾಗ ಬೇಕಾದ ಹಾಗೆ ಸಿಗಲೆಂದು ಕೋರ್ಗ್ ಟ್ರೈಟನ್ ಎಂಬ ಕೀಬೋರ್ಡಿನಲ್ಲಿ ನಾನು ಮಾಡಿಕೊಂಡ ಏರ್ಪಾಡು ಇದು.

ಮೊದಲು ಈ ಎಫೆಕ್ಟು ಅನುಕರಿಸುವ ಅಸಲಿ ಸ್ಪೀಕರ್ ಪೆಟ್ಟಿಗೆಯ ಒಳಗೇನಿದೆ ಎಂದು ತಿಳಿದಿರಬೇಕು. ಹ್ಯಾಮಂಡ್ ಆರ್ಗನ್‌ಗೆಂದು ಡಾನ್ ಲೆಸ್ಲಿ ರೂಪಿಸಿದ ಸ್ಪೀಕರುಗಳಲ್ಲಿ ಹೆಸರಾದದ್ದು 122 ಮಾದರಿ. ಮೇಲ್ಭಾಗದಲ್ಲಿ ಎರಡು ಬಾಯಿಯ ಹಾರ್ನ್ ತಿರುಗುತ್ತದೆ. ಧ್ವನಿ ಬರುವುದು ಒಂದು ಬಾಯಿಂದ ಮಾತ್ರ, ಇನ್ನೊಂದು ತೂಕ ಸರಿದೂಗಿಸಲಿಕ್ಕೆ. ಕೆಳಗೆ 15 ಇಂಚಿನ ವೂಫರ್ (ಕೆಳಸ್ವರಗಳ ಸ್ಪೀಕರ್) ನೆಲದ ಕಡೆ ಮುಖಮಾಡಿ ಅಲುಗಾಡದೆ ಕೂತಿರುತ್ತದೆ. ಅದರಡಿಯ ಡ್ರಮ್ ಹಾರ್ನಿಗೆ ವಿರುದ್ಧ ದಿಕ್ಕಿನಲ್ಲಿ ಸುತ್ತುತ್ತದೆ. 800 ಹರ್ಟ್ಸ್‌ಗಿಂತ ಮೇಲಿನದು ಹಾರ್ನಿಗೆ, ಕೆಳಗಿನದು ಡ್ರಮ್ಮಿಗೆ. ಹಾರ್ನ್ ಹಗುರ, ಸುಮಾರು ಒಂದು ಸೆಕೆಂಡಿನಲ್ಲಿ ಪೂರ್ತಿ ವೇಗಕ್ಕೆ ಬರುತ್ತದೆ. ಡ್ರಮ್ ಭಾರ, ನಾಲ್ಕೈದು ಸೆಕೆಂಡು ಬೇಕು. ಈ ಎರಡೂ ಒಟ್ಟಿಗೆ ವೇಗ ಪಡೆಯದಿರುವುದರಿಂದಲೇ ಆ ಉಬ್ಬರ ಹುಟ್ಟುವುದು.

ಎಫೆಕ್ಟ್ ಮುಟ್ಟುವ ಮುಂಚೆ ಸೌಂಡು ಒಣಗಿದೆಯೇ, ಅಂದರೆ ಯಾವ ಅಲೆಯೂ ಇಲ್ಲದೆ ಇದೆಯೇ, ನೋಡಿ. ಎಲ್ಲ ಎಫೆಕ್ಟನ್ನೂ ಆಫ್ ಮಾಡಿ, ನಡು ಸಿ ಒತ್ತಿ ಹತ್ತು ಸೆಕೆಂಡು ಹಿಡಿಯಿರಿ. ಆಗಲೂ ಧ್ವನಿ ಅಲೆಯುತ್ತಿದ್ದರೆ, ಮೊದಲು ವೈಬ್ರೇಟೋ ಇದ್ದರೆ ಅದನ್ನು ಸೊನ್ನೆ ಮಾಡಿ. ಆಮೇಲೂ ಅಲೆದರೆ ಲೆಸ್ಲಿಯ ಸುತ್ತು ಸ್ಯಾಂಪಲ್ಲಿನಲ್ಲೇ (ಕೀಬೋರ್ಡಿನೊಳಗಿನ ಮುದ್ರಿತ ಧ್ವನಿಯಲ್ಲೇ) ರೆಕಾರ್ಡ್ ಆಗಿದೆ ಎಂದರ್ಥ. ಒಂದೇ ಸ್ಯಾಂಪಲ್ ಹಲವು ಕೀಗಳಿಗೆ ಹಂಚಿಕೆಯಾಗಿರುವುದರಿಂದ ಮೇಲಿನ ಕೀ ಒತ್ತಿದಂತೆ ಸುತ್ತೂ ಚುರುಕಾಗುತ್ತದೆ. ಕಾರ್ಡ್ ಹಿಡಿದರೆ ಒಂದೊಂದು ಸ್ವರ ಒಂದೊಂದು ಲೆಕ್ಕದಲ್ಲಿ ತಿರುಗುತ್ತದೆ. ಅದರ ಮೇಲೆ ಮತ್ತೆ ರೋಟರಿ ಹಾಕಿದರೆ ಕಲಸುಮೇಲೋಗರ. ಅಂಥ ಸೌಂಡನ್ನು ಬಿಟ್ಟು ಬೇರೆ ಆರಿಸಿಕೊಳ್ಳಿ, ರಿಪೇರಿಗೆ ಹೋಗಬೇಡಿ.

ಇನ್ಸರ್ಟ್ ಎಫೆಕ್ಟಿನಲ್ಲಿ (ಆರಿಸಿದ ಸೌಂಡಿಗೆ ಮಾತ್ರ ಸೇರುವ ಎಫೆಕ್ಟು) ರೋಟರಿ ಸ್ಪೀಕರ್ ಆರಿಸಿ, ಸ್ಪೀಡ್ ಸ್ವಿಚ್ ಸ್ಲೋ ಇಡಿ. ಅದರ ಸೋರ್ಸ್ (ಸ್ವಿಚ್ಚನ್ನು ಯಾವುದು ಬದಲಿಸಬೇಕು) ಎಂಬಲ್ಲಿ ಜಾಯ್‌ಸ್ಟಿಕ್ ಬದಲು ಫುಟ್ ಸ್ವಿಚ್ ಕೊಡಿ, ಅಂದರೆ ಕಂಟ್ರೋಲರ್ ನಂಬರ್ 82. ಗ್ಲೋಬಲ್ ಮೋಡಿನಲ್ಲಿ (ಇಡೀ ಕೀಬೋರ್ಡಿನ ಸೆಟ್ಟಿಂಗ್) ಫುಟ್ ಸ್ವಿಚ್ ಅಸೈನ್ ಕೂಡ ಅದಕ್ಕೇ ಹೊಂದಬೇಕು. ಪ್ರೋಗ್ರಾಮನ್ನೂ (ಈ ಒಂದು ಸೌಂಡು) ಗ್ಲೋಬಲನ್ನೂ ಬೇರೆಬೇರೆಯಾಗಿ ರೈಟ್ (ಸೇವ್) ಮಾಡಿ. ಒಂದನ್ನು ಮರೆತರೆ ಪವರ್ ಆಫ್ ಆದಮೇಲೆ ಪೆಡಲ್ ಕೆಲಸ ಮಾಡುವುದಿಲ್ಲ. ಡ್ಯಾಂಪರ್ ಜ್ಯಾಕ್ ಪಿಯಾನೊ ಸೌಂಡಿಗೇ ಇರಲಿ. ಹ್ಯಾಮಂಡಿಗೆ ಸಸ್ಟೇನ್ ಎಂಬುದೇ ಇಲ್ಲ.

ಸ್ಪೀಡ್ ಸ್ವಿಚ್ಚಿಗೆ ಟಾಗಲ್, ಮೊಮೆಂಟ್ ಎಂಬ ಎರಡು ಬಗೆಯಲ್ಲಿ ಯಾವುದು ಎಂಬುದನ್ನು ಪೆಡಲೇ ಹೇಳುತ್ತದೆ. ಕಾಲು ತೆಗೆದೊಡನೆ ಮೇಲೇಳುವ ಸಾಮಾನ್ಯ ಪೆಡಲಾದರೆ ಟಾಗಲ್: ಒಮ್ಮೆ ತುಳಿದರೆ ವೇಗ, ಮತ್ತೊಮ್ಮೆ ತುಳಿದರೆ ನಿಧಾನ. ಒತ್ತಿದಲ್ಲೇ ನಿಲ್ಲುವ ಸ್ವಿಚ್ಚಾದರೆ ಮೊಮೆಂಟ್: ಒತ್ತಿರುವಷ್ಟು ಹೊತ್ತು ವೇಗ, ಬಿಟ್ಟಾಗ ನಿಧಾನ. ಅದಕ್ಕೆ ಟಾಗಲ್ ಕೊಟ್ಟರೆ ಎರಡು ಸಲ ತುಳಿದಾಗ ಒಮ್ಮೆ ವೇಗ ಬದಲಾಗುತ್ತದೆ, ಏಕೆಂದರೆ ಎರಡನೆಯ ತುಳಿತ ಕೀಬೋರ್ಡಿಗೆ ಬರೀ ಆಫ್ ಕಳಿಸುತ್ತದೆ. ಮೊಮೆಂಟ್‌ನಲ್ಲಿ ತುಳಿದಾಗ ನಿಧಾನ, ಬಿಟ್ಟಾಗ ವೇಗ ಎಂದು ತಿರುವುಮುರುವಾದರೆ ಗ್ಲೋಬಲ್‌ನಲ್ಲಿ ಪೆಡಲಿನ ಪೊಲ್ಯಾರಿಟಿ ಬದಲಿಸಿ.

ಇನ್ನು ವೇಗ. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಮೆಟ್ರೊನೋಮ್. ಅಸಲಿ ಹಾರ್ನ್ ವೇಗದಲ್ಲಿ ನಿಮಿಷಕ್ಕೆ ಸುಮಾರು 400 ಸುತ್ತು ಹಾಕುತ್ತದೆ. ಮೆಟ್ರೊನೋಮ್ 100ಕ್ಕೆ ಇಟ್ಟು ಪ್ರತಿ ಪೆಟ್ಟಿಗೆ ‘ತಕಧಿಮಿ’ ಹೇಳಿ. ಒಂದೊಂದು ಅಕ್ಷರಕ್ಕೆ ಒಂದೊಂದು ಸುತ್ತು. ಡ್ರಮ್ಮಿನದು ಸುಮಾರು 340, ಅಂದರೆ 85ಕ್ಕೆ ಅದೇ ತಕಧಿಮಿ. ನಿಧಾನದಲ್ಲಿ ಎರಡೂ ನಿಮಿಷಕ್ಕೆ 40ರ ಆಸುಪಾಸು, ಪೆಟ್ಟಿಗೊಂದು ಸುತ್ತು. ಹೆಡ್‌ಫೋನಿನ ಒಂದೇ ಕಿವಿಯಲ್ಲಿ ಕೇಳಿ. ಎಫೆಕ್ಟು ಅನುಕರಿಸುವ ಎರಡೂ ಮೈಕಿನ ಧ್ವನಿ ಒಟ್ಟಿಗೆ ಕೇಳಿದರೆ ಎಣಿಕೆ ದುಪ್ಪಟ್ಟಾಗುತ್ತದೆ. ಹಾರ್ನ್ ಪರೀಕ್ಷೆಗೆ ಬ್ಯಾಲೆನ್ಸನ್ನು ಪೂರ್ತಿ ಹಾರ್ನ್ ಕಡೆ ತಿರುಗಿಸಿ, ಡ್ರಮ್ಮಿಗೆ ರೋಟರ್ ಕಡೆ (ಟ್ರೈಟನ್ ಡ್ರಮ್ಮನ್ನು ರೋಟರ್ ಎನ್ನುತ್ತದೆ). ವ್ಯತ್ಯಾಸವನ್ನು ಹಾರ್ನ್ ರೇಶಿಯೊ, ರೋಟರ್ ರೇಶಿಯೊಗಳಲ್ಲಿ ತಿದ್ದಿ, 1.00 ಮೂಲ ಬೆಲೆ. ಆಮೇಲೆ ಆಕ್ಸೆಲರೇಶನ್. ಪೆಡಲ್ ತುಳಿದು ಗಡಿಯಾರ ನೋಡಿ: ಹಾರ್ನ್ ಒಂದು ಸೆಕೆಂಡು, ಡ್ರಮ್ ನಾಲ್ಕೈದು. ಎರಡಕ್ಕೂ ಒಂದೇ ಸಮಯ ಇಟ್ಟರೆ ಸ್ವಿಚ್ ಹಾಕಿದ ಫ್ಯಾನಿನ ಹಾಗೆ ಕೇಳಿಸುತ್ತದೆ.

ಸೋರ್ಸನ್ನು ಜಾಯ್‌ಸ್ಟಿಕ್ಕಿಗೇ ಬಿಡುವವರು ಒಂದು ವಿಷಯ ಗಮನಿಸಬೇಕು. ಅದನ್ನು ಮೇಲೆ ತಳ್ಳಿದಾಗ ಬಹಳಷ್ಟು ಪ್ರೋಗ್ರಾಮುಗಳಲ್ಲಿ ವೈಬ್ರೇಟೋ ಕೂಡ ಸೇರಿಕೊಳ್ಳುತ್ತದೆ. ರೋಟರಿಯ ಜೊತೆ ಅದು ಬಂದರೆ ಶ್ರುತಿ ತಪ್ಪಿದ ಹಾಗಾಗುತ್ತದೆ. ಪಿಚ್ ಪುಟದಲ್ಲಿ ಜಾಯ್‌ಸ್ಟಿಕ್ಕಿನಿಂದ ಎಲ್‌ಎಫ್‌ಒಗೆ (ವೈಬ್ರೇಟೋ ಹುಟ್ಟಿಸುವ ನಿಧಾನದ ಅಲೆ) ಹೋಗುವ ಬೆಲೆಯನ್ನು ಸೊನ್ನೆ ಮಾಡಿ. ವೆಲಾಸಿಟಿಯಿಂದ (ಕೀ ಒತ್ತುವ ರಭಸದಿಂದ) ಧ್ವನಿ ಏರಿಳಿಯುವುದನ್ನೂ ತೆಗೆಯಿರಿ. ಏರಿಳಿತವನ್ನು ಎಕ್ಸ್‌ಪ್ರೆಶನ್ ಪೆಡಲ್ ನೋಡಿಕೊಳ್ಳುತ್ತದೆ. ಎಫೆಕ್ಟುಗಳ ಸಾಲಿನಲ್ಲಿ ಓವರ್‌ಡ್ರೈವ್ ಮೊದಲು, ರೋಟರಿ ಅದರ ನಂತರ, ರಿವರ್ಬ್ ಕೊನೆಗೆ. ಅಸಲಿ ಪೆಟ್ಟಿಗೆಯಲ್ಲೂ ವಾಲ್ವ್ ಆಂಪ್ಲಿಫೈಯರ್ ಒರಟಾಗಿಸಿದ ಧ್ವನಿಯೇ ಹಾರ್ನಿಗೆ ಹೋಗುವುದು.

ಹಲವು ಪ್ರೋಗ್ರಾಮುಗಳನ್ನು ಒಟ್ಟಿಗೆ ನುಡಿಸುವ ಕಾಂಬಿನೇಶನ್‌ಗೆ ಬಂದಾಗ ರೋಟರಿ ಸುಮ್ಮನಾಗುವುದಕ್ಕೆ ಕಾರಣ ಎರಡು. ಪ್ರೋಗ್ರಾಮಿನ ಇನ್ಸರ್ಟ್ ಎಫೆಕ್ಟ್ ತಾನಾಗಿ ಬರುವುದಿಲ್ಲ, ಕಾಪಿ ಮಾಡಬೇಕು. ಮಾಡಿದ ಮೇಲೂ ಆ ಎಫೆಕ್ಟಿನ ಕಂಟ್ರೋಲ್ ಚಾನೆಲ್ ಆರ್ಗನ್ ಟಿಂಬರಿನ (ಕಾಂಬಿನೇಶನ್ನಿನಲ್ಲಿ ಆರ್ಗನ್ ಕೂತಿರುವ ಜಾಗ) ಚಾನೆಲ್ಲಿಗೆ ಹೊಂದದಿದ್ದರೆ ಪೆಡಲ್ ತುಳಿದರೂ ವೇಗ ಬದಲಾಗದು. ಸ್ಟ್ರಿಂಗ್ಸನ್ನು ಅದೇ ಇನ್ಸರ್ಟಿಗೆ ಕಳಿಸಬೇಡಿ, ಅವೂ ಗಿರಗಿರ ತಿರುಗುತ್ತವೆ.

ವೇದಿಕೆಯಲ್ಲಿ ಮಿಕ್ಸರಿಗೆ ಒಂದೇ ಕೇಬಲ್ ಕೊಡುವುದಾದರೆ ಎಲ್/ಮೊನೊ ಜ್ಯಾಕ್ ಬಳಸಿ, ಮೈಕ್ ಸ್ಪ್ರೆಡ್ (ಎರಡು ಮೈಕುಗಳ ಎಡಬಲ ಅಂತರ) ಸೊನ್ನೆ ಮಾಡಿ. ಹಾಗೆ ಮಾಡದಿದ್ದರೆ ಎಡಬಲದ ಅಲೆಗಳು ಬೆರೆತು ಒಂದನ್ನೊಂದು ಅಳಿಸುತ್ತವೆ. ಹೆಡ್‌ಫೋನಿನಲ್ಲಿ ತುಂಬಿಕೊಂಡಿದ್ದ ಆರ್ಗನ್ ಸಭೆಯಲ್ಲಿ ತೆಳ್ಳಗಾಗುತ್ತದೆ.

ಯಾವಾಗ ತುಳಿಯಬೇಕು? ಹಾರ್ನಿಗೆ ಒಂದು ಸೆಕೆಂಡು ಬೇಕಲ್ಲ, ಆದ್ದರಿಂದ ಏರಬೇಕಾದ ಜಾಗಕ್ಕಿಂತ ಅಷ್ಟು ಮುಂಚೆ. ಟೆಂಪೊ 90 ಇದ್ದರೆ ಒಂದೂವರೆ ಪೆಟ್ಟು ಮೊದಲು. ಸಾಲಿನ ಕೊನೆಯ ಉದ್ದ ಕಾರ್ಡಿನಲ್ಲಿ, ಬೆರಳು ಕೂತ ಕ್ಷಣಕ್ಕೇ ನಿಧಾನಕ್ಕೆ ಹಾಕಿ, ಕಾರ್ಡನ್ನು ಬಿಡದೆ ಹಿಡಿಯಿರಿ. ಮೇಲಿನ ಸ್ವರಗಳು ಮೊದಲು ತಣ್ಣಗಾಗಿ, ಎಡಗೈಯ ಕೆಳಸ್ವರಗಳು ಇನ್ನೂ ಸುತ್ತುತ್ತಲೇ ಇರುತ್ತವೆ.